ಕಂಪ್ಯೂಟರಿನೊಳಗಿನ ಮನೆದೇವರು

ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ಬೀದಿಬಾಗಿಲು, ಬಚ್ಚಲ ಬಾಗಿಲು ಬಿಟ್ಟರೆ ಮುಚ್ಚಲು ಬರುವ ಬಾಗಿಲು ಇದ್ದದ್ದು ದೇವರ ಮನೆಗೆ ಮಾತ್ರ. ಹಾಲ್‌ಗೂ ರೂಮಿಗೂ ನಡುವೆ ಹೂವಿನ ಕರ್ಟನ್ ತೂಗಾಡುತ್ತಿತ್ತು. ಹಾಲ್‌ಗೂ ಅಡುಗೆಮನೆಗೂ ನಡುವೆ ಅದೂ ಇಲ್ಲ, ಬರೀ ಒಂದು ಕಮಾನು. ದೇವರ ಮನೆ ಎಂದರೆ ಅಡುಗೆಮನೆಯ ಪಕ್ಕದಲ್ಲಿ ಒಬ್ಬರು ಕೂತರೆ ತುಂಬಿಹೋಗುವ ಜಾಗ. ಆದರೂ ಅದಕ್ಕೆ ಜೋಡಿ ಬಾಗಿಲು, ಬಾಗಿಲ ತುಂಬ ಪುಟ್ಟ ಹಿತ್ತಾಳೆ ಗಂಟೆಗಳು. ಯಾರು ತೆರೆದರೂ ಮನೆಗೆಲ್ಲ ಕೇಳಿಸುತ್ತಿತ್ತು. ಅಪ್ಪನ ತಾಯಿ, ನಮ್ಮಜ್ಜಿ, ಹಾಲ್‌ನ ದಿವಾನದ ಮೇಲೆ ಮಲಗುತ್ತಿದ್ದಳು. ನಾನೂ ತಮ್ಮ ಕಿರಣನೂ ಅದೇ ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ನನ್ನದು ಎಂದು ಹೇಳಬಹುದಾದ ಜಾಗ ಬೀರುವಿನ ಕೆಳಗಿನ ಅರೆ, ಅದರಲ್ಲೂ ಅರ್ಧ ಕಿರಣನ ಚೆಂಡುಗಳಿಗೆ ಹೋಗಿತ್ತು. ಇದೊಂದು ಕೊರತೆ ಎಂದು ನನಗೆ ಅನ್ನಿಸುತ್ತಿರಲಿಲ್ಲ. ನಮ್ಮ ರಸ್ತೆಯ ಮನೆಗಳೆಲ್ಲ ಹಾಗೇ ಇದ್ದವು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಈ ಮನೆಗೆ ಕಂಪ್ಯೂಟರ್ ಬಂತು. ಆಗ ವಿಜಯನಗರದ ಸುತ್ತ ಸಂದಿಸಂದಿಯಲ್ಲೂ ಸೈಬರ್ ಸೆಂಟರ್‌ಗಳು ತೆರೆದಿದ್ದವು. ಅಲ್ಲಿನ ಪ್ಲೈವುಡ್ ಗೂಡುಗಳೊಳಗೆ ಕೂತು ಮಕ್ಕಳು ಏನು ನೋಡುತ್ತಾರೆ ಎನ್ನುವುದು ಅಪ್ಪನ ಕಾರ್ಖಾನೆಯಲ್ಲಿ ಊಟದ ಹೊತ್ತಿನ ಮಾತಾಗಿತ್ತಂತೆ. ಅಪ್ಪ ಅಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳತೆ ಹಿಡಿದು ನೋಡಿ, ಸರಿ ಇದ್ದದ್ದನ್ನು ಒಂದು ಟ್ರೇಗೆ, ಇಲ್ಲದ್ದನ್ನು ಇನ್ನೊಂದಕ್ಕೆ ಹಾಕುವುದು ಅವರ ಕೆಲಸ. ಮಕ್ಕಳು ಹೊರಗೆಲ್ಲೋ ಕೂತು ನೋಡುವುದಕ್ಕಿಂತ ಕಣ್ಣೆದುರಿಗೇ ನೋಡಲಿ ಎಂದು ಕಂಪ್ಯೂಟರ್ ತಂದರು. ಅದನ್ನು ಎಲ್ಲಿಡಬೇಕು ಎಂಬುದನ್ನೂ ಅಳತೆ ಹಿಡಿದೇ ನಿರ್ಧರಿಸಿದರು. ಟೇಬಲ್ಲನ್ನು ಹಾಲ್‌ನ ಒಂದು ಮೂಲೆಗೆ ತಳ್ಳಿ, ತಾವು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ನೋಡಿದರು. ಬಂದು ಟೇಬಲ್ಲನ್ನು ಒಂದಿಷ್ಟು ತಿರುಗಿಸಿದರು. ಆಮೇಲೆ ಅಜ್ಜಿಯನ್ನು ಎಬ್ಬಿಸಿ ದಿವಾನದ ಮೇಲೆ ಅವಳ ಹಾಗೇ ಒಂದು ಮಗ್ಗುಲಿಗೆ ಮಲಗಿ ನೋಡಿದರು. ಕೊನೆಗೆ ಬೀದಿಬಾಗಿಲ ಪಕ್ಕದ ತಮ್ಮ ಪೇಪರ್ ಓದುವ ಕುರ್ಚಿಯಲ್ಲಿ ಕೂತರು.

"ಒಲೆ ಹತ್ರದಿಂದ ಕಾಣ್ಸುತ್ತೆ, ದಿವಾನದಿಂದ ಕಾಣ್ಸುತ್ತೆ, ಇಲ್ಲಿಂದಂತೂ ಪೂರ್ತಿ ಕಾಣ್ಸುತ್ತೆ," ಎಂದರು.

"ಬಚ್ಚಲಿಂದ ಕಾಣ್ಸಲ್ವೇನೋ, ಹೋಗಿ ನೋಡ್ಬಿಡಿ," ಎಂದು ಅಮ್ಮ ಕಮಾನಿನ ಕೆಳಗೆ ನಿಂತು ನಕ್ಕಳು.

ಕಂಪ್ಯೂಟರ್ ಜೋಡಿಸಿಕೊಟ್ಟವನು ಹೋಗುವಾಗ ಅಪ್ಪನನ್ನು ಪಕ್ಕಕ್ಕೆ ಕರೆದು, ಮಕ್ಕಳು ನೋಡಬಾರದ್ದು ಬರದ ಹಾಗೆ ಒಂದು ಲಾಕ್ ಹಾಕಿಕೊಡಲೇ ಎಂದು ಕೇಳಿದ್ದ. ಅಪ್ಪ ಆ ಬಗ್ಗೆ ಯೋಚಿಸಿ ಬೇರೆಯೇ ಒಂದು ಉಪಾಯ ಹುಡುಕಿದರು. ದೇವರ ಮನೆಯಲ್ಲಿದ್ದ ನಮ್ಮ ಮನೆದೇವರು ನರಸಿಂಹಸ್ವಾಮಿಯ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಡಿಟಿಪಿ ಅಂಗಡಿಗೆ ಹೋಗಿ, ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದರು. ಅಂದಿನಿಂದ ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ತುಂಬ ಸ್ವಾಮಿ. ಮಡಿಲಲ್ಲಿ ಲಕ್ಷ್ಮಿ, ಹಿಂದೆ ಹೆಡೆ, ಮತ್ತು ದುಂಡಗೆ ತೆರೆದ ಕಣ್ಣುಗಳು. ಯಾವ ಕಿಟಕಿ ಮುಚ್ಚಿದರೂ ಹಿಂದೆ ಆ ಕಣ್ಣುಗಳೇ ಇರುತ್ತಿದ್ದವು.

"ಇನ್ನೇನಕ್ಕೆ ಲಾಕು?" ಎಂದರು ಅಪ್ಪ. "ಸ್ವಾಮಿ ಕಣ್ಬಿಟ್ಕೊಂಡು ಕೂತಿದಾನೆ. ಅವನ ಮುಂದೆ ಅದ್ಯಾರು ಏನ್ ಆಟ ಆಡ್ತೀರೋ ಆಡಿ."

ಬಂದವರಿಗೆಲ್ಲ ಅಪ್ಪ ಇದನ್ನು ಹೇಳುತ್ತಿದ್ದರು. ಮೇಲ್ ಮಾಡಲು ಇಡೀ ಮನೆಗೆ ಒಂದೇ ವಿಳಾಸ, ಅದು ಅಪ್ಪನ ಹೆಸರಿನಲ್ಲಿ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿತ್ತು, ಅದೂ ಸ್ವಾಮಿಯ ಹೆಸರೇ. ಇಷ್ಟಾದ ಮೇಲೆ ಕಾವಲಿನ ಕೆಲಸ ಮುಗಿಯಿತೆಂದು ಅಪ್ಪ ನಂಬಿದ್ದರು. ಆದರೆ ದೇವರನ್ನು ಒಂದು ಕಡೆ ಕೂರಿಸಿದರೆ ಆಮೇಲೆ ಏನೇನು ಆಗಬೇಕಾಗುತ್ತದೆ ಎನ್ನುವುದು ಅಜ್ಜಿಗೆ ಗೊತ್ತಿದ್ದಷ್ಟು ಅವರಿಗೆ ಗೊತ್ತಿರಲಿಲ್ಲ.

ಅಜ್ಜಿ ಮೊದಲ ದಿನವೇ ದಿವಾನದಿಂದ ಎದ್ದು ಬಂದು, ಕನ್ನಡಕ ಏರಿಸಿ, ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡಿದಳು. ಸ್ವಾಮಿಯ ಪಾದದ ಪಕ್ಕದಲ್ಲಿ ಒಂದು ಚಿಕ್ಕ ಚಿತ್ರ ಇತ್ತು. ಅದೇನೆಂದು ಕೇಳಿದಳು. ಬೇಡದ್ದನ್ನು ಹಾಕುವ ಕಸದ ಬುಟ್ಟಿ ಎಂದು ಕಿರಣ ಹೇಳಿದ.

"ಥೂ ನಿಮ್ಮ! ದೇವ್ರ ಪಾದದ ತಾವ ಕಸದ ಬುಟ್ಟಿ ಮಡಗಿದ್ದೀರಲ್ಲೋ! ತಗೀರೋ ಅದ್ನ!"

ಅಪ್ಪ ಬುಟ್ಟಿಯನ್ನು ಎಳೆದು ಮೇಲಿನ ಮೂಲೆಗೆ ಬಿಟ್ಟರು. ಅಲ್ಲಿ ಅದು ಹೆಡೆಗೆ ತಗಲಿತು. ಅಲ್ಲೂ ಬೇಡವೆಂದಳು. ಬುಟ್ಟಿ ಪರದೆಯನ್ನೆಲ್ಲ ಸುತ್ತಿ ಕೊನೆಗೆ ಕೆಳಗಿನ ಬಲತುದಿಯಲ್ಲಿ ಅರ್ಧ ಮರೆಯಾಗಿ ನಿಂತಿತು. ಹೀಗೆ ಒಂದೊಂದೇ ಕಟ್ಟಳೆ ಬಂತು. ಭಾನುವಾರ ಕೋಳಿ ಸಾರು ಉಂಡವರು ಸೋಪು ಹಚ್ಚಿ ಕೈ ತೊಳೆಯದೆ ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಟೇಬಲ್ ಕಡೆ ಕಾಲು ಚಾಚಿ ಮಲಗುವ ಹಾಗಿಲ್ಲ. ಶನಿವಾರ ಮಾನಿಟರ್ ಮೇಲೆ ಒಂದು ಹೂವು. ಅಜ್ಜಿ ಇದನ್ನೆಲ್ಲ ಜೋರು ಮಾಡಿ ಹೇರಿದವಳಲ್ಲ. ಆ ಪೆಟ್ಟಿಗೆಯ ಬಗ್ಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುತೂಹಲ ಇದ್ದದ್ದು ಅವಳಿಗೇ. ಒಂದು ಸಂಜೆ ಅಪ್ಪ ಕಂಪ್ಯೂಟರ್ ಆರಿಸಿದಾಗ ಅವಳು ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ.

"ಮೂರ್ತಿ, ಈಗ ಸ್ವಾಮಿ ಎಲ್ಲಿಗೋದ?"

"ಎಲ್ಲೂ ಹೋಗಿಲ್ಲಮ್ಮ. ಒಳಗೆ ಡಿಸ್ಕ್ ಅಂತ ಇರುತ್ತೆ, ಅದ್ರಲ್ಲಿರ್ತಾನೆ."

"ಅವ್ನೆ, ಕಾಣಾಕಿಲ್ಲ ಅಷ್ಟೇ ಅನ್ನು. ಸರಿ ಬಿಡು, ಗುಡೀಲೂ ಅಂಗೇ ಅಲ್ವಾ? ಬಾಗ್ಲು ಹಾಕಿದ್ರೂ ಒಳಗಿರ್ತಾನೆ."

ಇದಾದ ಕೆಲವು ದಿನಕ್ಕೆ ನಾನು ಮುಟ್ಟಾದೆ. ಅದಕ್ಕೆ ಮುಂಚೆ ಈ ವಿಷಯ ನಮ್ಮ ಮನೆಯಲ್ಲಿ ಹೇಗೆ ನಡೆಯುತ್ತಿತ್ತು ಎಂದು ಹೇಳಬೇಕು. ಅಮ್ಮ ಮದುವೆಯಾಗಿ ಬಂದ ಕಾಲದಲ್ಲಿ ಹೊರಗೆ ಕೂರುವುದು ಇತ್ತಂತೆ. ಆದರೆ ಮಾರೇನಹಳ್ಳಿಯ ಈ ಚಿಕ್ಕ ಮನೆಯಲ್ಲಿ ಕೂರಲು ಹೊರಗೆ ಎಂಬುದೇ ಇರಲಿಲ್ಲ. ಉಳಿದದ್ದು ಇಷ್ಟೇ: ಆ ಮೂರು ದಿನ ದೇವರ ಮನೆಗೆ ಹೋಗಬಾರದು. ಅಮ್ಮ, "ಅತ್ತೆ, ಇವತ್ತು ದೀಪ ನೀವೇ ಹಚ್ಚಿಬಿಡಿ," ಎನ್ನುವಳು. ಅಲ್ಲಿಗೆ ಮುಗಿಯಿತು. ನಾನು ಎಂದೂ ದೀಪ ಹಚ್ಚಿದವಳಲ್ಲ, ಹಾಗಾಗಿ ನನ್ನದು ಅಮ್ಮನಿಗೂ, ಅಮ್ಮನಿಂದ ಅಜ್ಜಿಗೂ ಮಾತ್ರ ಗೊತ್ತಾಗುತ್ತಿತ್ತು. ಅಪ್ಪ ಅದನ್ನು ಅರಿಯದೆ ಇರಬಹುದಾಗಿತ್ತು, ಅಥವಾ ಅರಿಯದವರ ಹಾಗೆ ಇರಬಹುದಾಗಿತ್ತು. ಆ ಸಂಜೆ ನಾನು ಸ್ಕೂಲಿನಿಂದ ಬಂದು, ಮುಖ ತೊಳೆದು, ಕಂಪ್ಯೂಟರಿನ ಮುಂದೆ ಕೂರಲು ಕುರ್ಚಿ ಎಳೆದೆ. ಅಪ್ಪ ಬಾಗಿಲ ಪಕ್ಕ ಪೇಪರ್ ಓದುತ್ತಿದ್ದರು. ಕಿರಣ ನೆಲದ ಮೇಲೆ ಬ್ಯಾಟಿಗೆ ಟೇಪ್ ಸುತ್ತುತ್ತಿದ್ದ.

"ಹೇಮಿ," ಎಂದಳು ಅಜ್ಜಿ ದಿವಾನದಿಂದ, ಮೆತ್ತಗೆ. "ಈಗ ಬ್ಯಾಡ ಕಣವ್ವ. ಅಲ್ಲಿ ಸ್ವಾಮಿ ಅವ್ನೆ."

"ಯಾಕೆ? ಅಕ್ಕಂಗೇನಾಗಿದೆ?" ಎಂದ ಕಿರಣ.

"ಅವ್ಳಿಗೆ ಕಾಗೆ ಮುಟ್ಟೈತೆ. ನೀನು ಸುಮ್ಕಿರು."

"ಎಲ್ಲಿ ಮುಟ್ತು? ನಾನು ನೋಡ್ಲೇ ಇಲ್ಲ!"

ಯಾರೂ ನಗಲಿಲ್ಲ. ನಾನು ಕುರ್ಚಿಯನ್ನು ಮತ್ತೆ ಒಳಗೆ ತಳ್ಳಿದೆ. ಅಪ್ಪನ ಮುಖ ಪೇಪರಿನ ಹಿಂದಿತ್ತು, ಆದರೆ ಪೇಪರ್ ಹಿಡಿದ ಬೆರಳುಗಳು ಬಿಗಿಯಾದದ್ದು ನನಗೆ ಕಂಡಿತು. ಸ್ವಲ್ಪ ಹೊತ್ತು ಬಿಟ್ಟು ಅವರು ಎದ್ದು, ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು, ನಮಗೆ ಬೆನ್ನು ಮಾಡಿ ಕೂತರು. ಮುಂದಿನ ಎರಡು ದಿನವೂ ಹಾಗೇ ಕೂತರು. ನಾಲ್ಕನೇ ದಿನ ನಾನು ತಲೆಗೆ ನೀರು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಾಗ ಅವರ ಕುರ್ಚಿ ಮೊದಲಿನಂತೆ ಹಾಲ್ ಕಡೆಗೆ ತಿರುಗಿತು. ಮುಂದಿನ ತಿಂಗಳೂ ಇದೇ ಆಯಿತು. ಆ ಹೊತ್ತಿಗೆ ಕಿರಣನಿಗೆ ಕಾಗೆಯ ಕಥೆ ಅರ್ಥವಾಗದಿದ್ದರೂ ಅದರ ಲಾಭ ಅರ್ಥವಾಗಿತ್ತು. ರಸ್ತೆಯ ಹುಡುಗರನ್ನೆಲ್ಲ ಕೂಗಿ ಕರೆಯುತ್ತಿದ್ದ.

"ಬನ್ರೋ ಮಗಾ, ನಮ್ಮಕ್ಕಂಗೆ ರಜ! ಮೂರು ದಿನ ಕಂಪ್ಯೂಟರ್ ಫುಲ್ ನಂದೇ!"

ಎದುರು ಮನೆಯ ಆಂಟಿ ಕಾಂಪೌಂಡಿನಲ್ಲಿ ಬಟ್ಟೆ ಒಣಗಿಸುತ್ತ ಅದನ್ನು ಕೇಳಿ ನನ್ನ ಕಡೆ ನೋಡಿ ಮುಗುಳ್ನಕ್ಕರು. ಅಂದು ಹುಡುಗರು ಬರುವ ಮುಂಚೆ ನಾನು ಒಳಗೆ ಬಂದು ಬೀರುವಿನ ಪಕ್ಕ ಗೋಡೆಗೆ ಒರಗಿ ಕೂತು ಕಂಪ್ಯೂಟರಿನ ಮುಂದಿನ ಖಾಲಿ ಕುರ್ಚಿಯನ್ನೇ ನೋಡಿದೆ. ನಾನು ಏನು ನೋಡುತ್ತೇನೆ ಎಂದು ತಿಳಿಯಲು ಅಪ್ಪ ಇಟ್ಟ ಟೇಬಲ್ಲು ಅದು. ಈಗ ಒಲೆಯಿಂದ, ದಿವಾನದಿಂದ, ಬೀದಿಯಿಂದ ನೋಡಿದವರಿಗೆಲ್ಲ ಅದು ಬೇರೇನನ್ನೋ ಹೇಳುತ್ತಿತ್ತು.

ಮುಂದಿನ ತಿಂಗಳು ನಾನು ಅಮ್ಮನಿಗೆ ಹೇಳಲಿಲ್ಲ. ಬೇಕಾದದ್ದನ್ನು ನನ್ನ ಕ್ಲಾಸಿನ ಸುಮಾ ತನ್ನ ಮನೆಯಿಂದ ತಂದುಕೊಟ್ಟಳು. ಸ್ಕೂಲಿನಿಂದ ಬಂದು, ಮುಖ ತೊಳೆದು, ಕುರ್ಚಿ ಎಳೆದು ಕೂತೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಹೆಚ್ಚಾಗಿ, ಈಗ ಏನಾಗುತ್ತದೆ ನೋಡಬೇಕು ಎನ್ನುವ ಆಸೆ ಇತ್ತು. ಸ್ವಾಮಿ ಮೂಡಿಬಂದ. ನಾನು ಅವನ ಕಣ್ಣುಗಳನ್ನೇ ನೋಡಿದೆ. ಅವು ನನ್ನನ್ನು ನೋಡುತ್ತಿವೆಯೋ, ನನ್ನ ಹಿಂದಿನ ಗೋಡೆಯನ್ನು ನೋಡುತ್ತಿವೆಯೋ ಎಂದು ತಿಳಿಯಲು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದೆ. ಎತ್ತ ವಾಲಿದರೂ ನನ್ನನ್ನೇ ನೋಡಿದವು. ಕೋಪ ಮಾತ್ರ ಕಾಣಲಿಲ್ಲ. ಕರೆಂಟ್ ಹೋಗಲಿಲ್ಲ. ಅಷ್ಟರಲ್ಲಿ ದಿವಾನದಿಂದ ಅಜ್ಜಿಯ ದನಿ ಬಂತು.

"ಇವತ್ತು ಸ್ವಾಮಿ ಮುಖ ಏನ್ ಕಳೆಯಾಗೈತೆ ನೋಡು, ಹೇಮಿ!"

ಕಿರಣ ಹಿಂದಿನ ದಿನ ಮಾನಿಟರಿನ ಬೆಳಕನ್ನು ಹೆಚ್ಚಿಸಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಮೈ ಜುಮ್ಮೆಂದಿತು. ಅವತ್ತು ನಾನು ನೋಡಿದ್ದು ಸಮುದ್ರದ ತಳದ ಮೀನುಗಳ ಚಿತ್ರಗಳನ್ನು. ಯಾವತ್ತೂ ಅಂಥವನ್ನೇ ನೋಡುತ್ತಿದ್ದೆ. ಅಪ್ಪ ಹಿಂದಿನಿಂದ ಬಂದು ಬಗ್ಗಿ, ಮೀನನ್ನು ಪರೀಕ್ಷಿಸಿ, ಸಮಾಧಾನದಿಂದ ಹೋದರು. ನಾನು ಬಚ್ಚಿಟ್ಟದ್ದು ಪರದೆಯ ಮೇಲೆ ಇರಲಿಲ್ಲ. ಅದರ ಮುಂದಿನ ತಿಂಗಳೂ ನಾನು ಹೇಳಲಿಲ್ಲ. ನಮ್ಮ ರಸ್ತೆಯಲ್ಲಿ ಯಾರೂ ಕೂಗಲಿಲ್ಲ, ಅಪ್ಪನ ಕುರ್ಚಿ ತಿರುಗಲಿಲ್ಲ. ನಾನು ಗೆದ್ದೆನೆಂದುಕೊಂಡೆ. ಖಾಲಿ ಕುರ್ಚಿಯನ್ನು ಓದಲು ಕಲಿತವರು ತುಂಬಿದ ಕುರ್ಚಿಯನ್ನೂ ಓದುತ್ತಾರೆ ಎಂಬುದು ಹೊಳೆಯಲಿಲ್ಲ.

ಅದು ಗೊತ್ತಾದದ್ದು ಕಾವೇರಿ ನೀರು ಬಿಡುವ ಒಂದು ಬೆಳಗ್ಗೆ. ಅಂಥ ದಿನ ಅಪ್ಪ ಅಮ್ಮ ಇಬ್ಬರೂ ಬೇಗ ಎದ್ದು ಬಚ್ಚಲ ಹಿಂದಿನ ಡ್ರಮ್ಮುಗಳಿಗೆ ನೀರು ತುಂಬಿಸುತ್ತಿದ್ದರು. ನಾನು ಹಲ್ಲುಜ್ಜಲು ಬಚ್ಚಲಿಗೆ ಹೋಗಿದ್ದೆ. ಮೇಲಿನ ಗವಾಕ್ಷಿಯಿಂದ ಪೈಪಿನ ಸದ್ದಿನ ಜೊತೆಗೆ ಅವರ ಮಾತು ಕೇಳಿಸಿತು.

"ಅವಳು ಎರಡು ತಿಂಗಳಿಂದ ಒಂದಿನಾನೂ ಕಂಪ್ಯೂಟರ್ ಬಿಟ್ಟಿಲ್ಲ. ನೋಡಿದೀಯಾ?" ಅಪ್ಪನ ದನಿ.

"ನೋಡಿದೀನಿ. ನಂಗೂ ಏನೂ ಹೇಳಿಲ್ಲ ಅವಳು," ಎಂದಳು ಅಮ್ಮ.

"ಆ ಪ್ರಶಾಂತ ಅನ್ನೋನು ಯಾರು? ಜೋಕು ಗೀಕು ಅಂತ ಮೇಲ್ ಕಳಿಸ್ತಾನಲ್ಲ?"

"ಕ್ಲಾಸಿನ ಹುಡುಗ ಅಂತೆ ರೀ. ಎಲ್ಲರಿಗೂ ಕಳಿಸ್ತಾನಂತೆ."

"ನಾನೇನೂ ಅಂತಿಲ್ಲ. ಒಂದ್ಸಲ ಡಾಕ್ಟ್ರ ಹತ್ರ ತೋರಿಸ್ಕೊಂಡು ಬಾ. ನಾನೇನೂ ಅಂತಿಲ್ಲ, ಸರೋಜ."

ಡ್ರಮ್ಮು ತುಂಬಿ ನೀರು ಚೆಲ್ಲುವ ಸದ್ದು ಬಂತು. ಇಬ್ಬರೂ ನಲ್ಲಿ ತಿರುಗಿಸಲಿಲ್ಲ. ನಾನು ಬಾಯಲ್ಲಿ ಪೇಸ್ಟ್ ಇಟ್ಟುಕೊಂಡೇ ನಿಂತಿದ್ದೆ. ಅವರ ಮಾತಿನ ಅರ್ಧ ಮಾತ್ರ ನನಗೆ ಅರ್ಥವಾಗಿತ್ತು. ಉಳಿದ ಅರ್ಧ, ಪ್ರಶಾಂತನ ಹೆಸರನ್ನೂ ಡಾಕ್ಟರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮೆಲ್ಲಗೆ ಅರ್ಥವಾಯಿತು. ಬಕೆಟ್ಟಿನ ಅಂಚು ಹಿಡಿದುಕೊಂಡೆ. ಅವರು ಏನೋ ತಪ್ಪು ತಿಳಿದರು ಎನ್ನುವುದಕ್ಕಿಂತ, ಅಪ್ಪ ಇದನ್ನೆಲ್ಲ ಅಷ್ಟು ಹತ್ತಿರದಿಂದ, ಒಂದು ತಿಂಗಳೂ ಬಿಡದೆ ಗಮನಿಸುತ್ತಿದ್ದರು ಎನ್ನುವುದೇ ನನ್ನನ್ನು ಹೆಚ್ಚು ಅಲ್ಲಾಡಿಸಿತು. ಬೆನ್ನು ತಿರುಗಿಸಿ ಕೂತವರು ನೋಡುತ್ತಿಲ್ಲ ಎಂದು ನಾನು ತಿಳಿದಿದ್ದೆ.

ನನಗೆ ರಕ್ತ ಕಮ್ಮಿ ಇರಬೇಕು ಎಂಬ ಕಾರಣ ಹೇಳಿ ಅಮ್ಮ ಆ ವಾರವೇ ಒಂದು ಸಂಜೆ ನನ್ನನ್ನು ಅತ್ತಿಗುಪ್ಪೆಯ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ದಾರಿಯಲ್ಲಿ ಅವಳು ಎಂದಿನಂತೆ ಹೂವಿನ ದರ ಕೇಳಲಿಲ್ಲ, ಯಾರ ಕಾಂಪೌಂಡಿನ ದಾಸವಾಳವನ್ನೂ ತೋರಿಸಲಿಲ್ಲ. ನನ್ನ ಮುಂಗೈಯನ್ನು ಚಿಕ್ಕ ಮಕ್ಕಳ ಕೈ ಹಿಡಿಯುವ ಹಾಗೆ ಬಿಗಿಯಾಗಿ ಹಿಡಿದಿದ್ದಳು. ನಾನು ಹಿಂದಿನ ದಿನವೇ ಮುಟ್ಟಾಗಿದ್ದೆ. ನಿಜ ಹೇಳಿದರೆ, ಮನೆದೇವರ ಮುಂದೆ ಹಾಗೆ ಕೂತದ್ದು ಹೊರಬರುತ್ತದೆ. ಹೇಳದೆ ಇದ್ದರೆ, ಅಪ್ಪ ಅಮ್ಮ ತಿಳಿದದ್ದೇ ನಿಜವೆಂದು ಉಳಿಯುತ್ತದೆ. ಎರಡರಲ್ಲಿ ಯಾವುದು ದೊಡ್ಡದು ಎಂದು ಆ ರಸ್ತೆಯ ಉದ್ದಕ್ಕೂ ತೂಗಿದೆ. ಡಾಕ್ಟರು ವಯಸ್ಸಾದವರು, ದಪ್ಪ ಕನ್ನಡಕ. ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನಾಲಿಗೆ ನೋಡಿ ಕೇಳಿದರು.

"ಲಾಸ್ಟ್ ಯಾವಾಗ ಆಗಿದ್ದಮ್ಮ?"

ಅಮ್ಮ ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತಿದ್ದಳು. ಅವಳ ಕುತ್ತಿಗೆಯ ನರ ಬಡಿದುಕೊಳ್ಳುತ್ತಿತ್ತು. ಅದನ್ನು ನೋಡಿದ ಮೇಲೆ ತೂಗುವುದಕ್ಕೆ ಏನೂ ಉಳಿಯಲಿಲ್ಲ.

"ನಿನ್ನೆ," ಎಂದೆ.

"ನಿನ್ನೆನಾ? ಹೋದ ತಿಂಗಳು?"

"ಹೋದ ತಿಂಗಳೂ ಆಗಿದೆ. ಅದರ ಹಿಂದಿನ ತಿಂಗಳೂ."

ಡಾಕ್ಟರು ಕನ್ನಡಕದ ಮೇಲಿಂದ ಅಮ್ಮನನ್ನು ನೋಡಿದರು. "ಎಲ್ಲಾ ಸರಿಯಾಗೇ ಇದೆಯಲ್ರೀ. ಇನ್ನೇನು ನಿಮ್ಮ ಪ್ರಾಬ್ಲಮ್ಮು?"

"ನಿನ್ನೆ ಸಾಯಂಕಾಲ ಕಂಪ್ಯೂಟರ್ ಮುಂದೆ ಕೂತಿದ್ಲಲ್ಲ ಡಾಕ್ಟ್ರೇ!" ಎಂದಳು ಅಮ್ಮ.

"ಕೂತ್ಕೊಳ್ಲಿ ಬಿಡಿ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

ಅಮ್ಮ ಬಾಯಿ ತೆರೆದಳು. ಉತ್ತರ ಬಹಳ ಉದ್ದವಿತ್ತು. ಕಾರ್ಖಾನೆಯ ಊಟದ ಹೊತ್ತಿನ ಮಾತು, ಟವೆಲಿನಲ್ಲಿ ಸುತ್ತಿದ ಫೋಟೋ, ಡಿಟಿಪಿ ಅಂಗಡಿ, ಅಜ್ಜಿಯ ಕಸದ ಬುಟ್ಟಿ, ಇದನ್ನೆಲ್ಲ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬಾಯಿ ಮುಚ್ಚಿದಳು. ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ನಾನು ಹೆದರಿದೆ. ಅವಳು ನಗುತ್ತಿದ್ದಳು. ಹೊರಗೆ ಬಂದು ಬಸ್ ಸ್ಟಾಪಿನ ಹತ್ತಿರ ಬರುವ ಹೊತ್ತಿಗೆ ಅದು ಅಳುವೂ ಆಗಿತ್ತು.

"ಯಾಕೆ ಕಣೇ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಎಲ್ಲಾರ್ಗೂ ಗೊತ್ತಾಗುತ್ತಲ್ಲಮ್ಮ. ಕಿರಣ ರಸ್ತೇಲಿ ಕೂಗ್ತಾನೆ. ಎದುರುಮನೆ ಆಂಟಿ ನಗ್ತಾರೆ. ಅಪ್ಪ ಕುರ್ಚಿ ಆ ಕಡೆ ತಿರುಗಿಸ್ಕೊಂಡು ಕೂರ್ತಾರೆ."

ಅಮ್ಮ ಕಣ್ಣೊರೆಸುವುದನ್ನು ನಿಲ್ಲಿಸಿದಳು. "ಅಪ್ಪ ಕುರ್ಚಿ ತಿರುಗಿಸ್ತಾರಾ?"

ಅವಳು ಅದನ್ನು ನೋಡಿರಲೇ ಇಲ್ಲ. ಒಲೆಯ ಹತ್ತಿರದಿಂದ ಕಂಪ್ಯೂಟರ್ ಕಾಣುತ್ತಿತ್ತು, ಅಪ್ಪನ ಕುರ್ಚಿ ಕಾಣುತ್ತಿರಲಿಲ್ಲ. ಮನೆ ತಲುಪುವವರೆಗೂ ಅವಳು ನನ್ನ ಮುಂಗೈ ಹಿಡಿಯಲಿಲ್ಲ, ಪಕ್ಕದಲ್ಲಿ ನಡೆದಳು. ಅಪ್ಪ ಗೇಟಿನ ಬಳಿಯೇ ನಿಂತಿದ್ದರು. ಗೇಟಿನ ಚಿಲಕವನ್ನು ಎತ್ತುತ್ತ, ಬಿಡುತ್ತ ಇದ್ದರು. "ಏನೂ ಇಲ್ಲ ರೀ, ಚೆನ್ನಾಗಿದಾಳೆ. ತಿಂಗಳು ತಿಂಗಳೂ ಚೆನ್ನಾಗೇ ಇದಾಳೆ," ಎಂದಳು ಅಮ್ಮ. ಅಪ್ಪನಿಗೆ ಅದರ ಅರ್ಥ ಆಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಅವರ ಮುಖ ಕೆಂಪಾಯಿತು. ಅಷ್ಟು ದೊಡ್ಡ ಮನುಷ್ಯನ ಮುಖ ಹಾಗೆ ಕೆಂಪಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅಮ್ಮ ಒಳಗೆ ಹೋಗಿ ಅಜ್ಜಿಯ ಪಕ್ಕ ದಿವಾನದ ಮೇಲೆ ಕೂತಳು.

"ಅತ್ತೆ, ಸ್ವಾಮಿನ ಹಿಂಗೆ ಹಾಲ್‌ನಲ್ಲಿ ಕೂರ್ಸಿದ್ದು ಸರಿಯಿಲ್ಲ ಅನ್ಸುತ್ತೆ. ಬಂದೋರು ಹೋದೋರೆಲ್ಲ ನೋಡ್ತಾರೆ. ಕಿರಣನ ಫ್ರೆಂಡ್ಸು ಏನ್ ತಿಂದಿರ್ತಾರೋ, ಏನ್ ಮುಟ್ಟಿರ್ತಾರೋ. ದೇವ್ರ ಮನೇಲಿ ಅವನಿಗೆ ಒಂದು ಬಾಗಿಲಾದ್ರೂ ಇತ್ತು."

ಅಜ್ಜಿ ಅಮ್ಮನನ್ನು ನೋಡಿದಳು. ಆಮೇಲೆ ಕಮಾನಿನ ಬಳಿ ನಿಂತಿದ್ದ ನನ್ನನ್ನು, ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

"ಅದ್ರೊಳಗೂ ಬಾಗ್ಲು ಮಾಡಾಕಾಯ್ತದಾ ಮೂರ್ತಿ?" ಎಂದು ಕೇಳಿದಳು.

ಅಪ್ಪ ಬಂದು ಕಂಪ್ಯೂಟರಿನ ಮುಂದೆ ಕೂತರು. ಹೊಸದೊಂದು ಹಳದಿ ಫೋಲ್ಡರ್ ಮಾಡಿ ಅದಕ್ಕೆ ದೇವರ ಮನೆ ಎಂದು ಹೆಸರಿಟ್ಟರು. ಅಜ್ಜಿ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಸ್ವಾಮಿಯ ಚಿತ್ರವನ್ನು ಎಳೆದು ಒಳಗೆ ಬಿಟ್ಟರು. ತೆರೆದು ತೋರಿಸಿದರು, ಒಳಗೆ ಸ್ವಾಮಿ ಇದ್ದ. ಅಜ್ಜಿ ಕೈ ಮುಗಿದು, "ಹಾಕು ಬಾಗ್ಲು," ಎಂದಳು. ಅಪ್ಪ ಮುಚ್ಚಿದರು. ಆಮೇಲೆ ಪರದೆಗೆ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಚಿತ್ರವನ್ನು ಮರಳಿ ಹಾಕಿದರು: ಹಸಿರು ಗುಡ್ಡ, ನೀಲಿ ಆಕಾಶ, ಒಂದಿಷ್ಟು ಬಿಳಿ ಮೋಡ. ಎದ್ದು, ನನ್ನ ಕಡೆ ನೋಡದೆ, ತಮ್ಮ ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು ಪೇಪರ್ ಹಿಡಿದರು. ಆ ಕುರ್ಚಿ ಆಮೇಲೆ ಯಾವ ದಿನವೂ ಹಾಲ್ ಕಡೆಗೆ ತಿರುಗಲಿಲ್ಲ. ನಾವು ಆ ಮನೆ ಬಿಡುವವರೆಗೂ ಅಪ್ಪ ಮಾರೇನಹಳ್ಳಿಯ ರಸ್ತೆಯನ್ನೇ ನೋಡುತ್ತ ಪೇಪರ್ ಓದಿದರು.

ಅಜ್ಜಿ ಮಾತ್ರ ಇನ್ನೂ ಗುಡ್ಡವನ್ನು ನೋಡುತ್ತಿದ್ದಳು. ಕನ್ನಡಕ ಏರಿಸಿ, ಮೂಲೆಯಿಂದ ಮೂಲೆಗೆ ನೋಡಿದಳು.

"ಇದ್ಯಾವೂರು ಹೇಮಿ?"

"ಗೊತ್ತಿಲ್ಲ ಅಜ್ಜಿ."

"ಯಾರೂ ಕಾಣ್ತಾ ಇಲ್ವಲ್ಲ ಅಲ್ಲಿ. ಒಂದು ಕುರಿನೂ ಇಲ್ಲ."

"ಯಾರೂ ಇಲ್ಲ ಅಜ್ಜಿ."

"ನೋಡೋರು ಯಾರೂ ಇಲ್ಲ ಅನ್ನು," ಎಂದು ಅಜ್ಜಿ ದಿವಾನಕ್ಕೆ ಹಿಂತಿರುಗಿ, ಗೋಡೆಯ ಕಡೆಗೆ ಮಗ್ಗುಲಾದಳು. "ಅಂಗಾರೆ ನೀನು ಕೂತ್ಕೋ ಹೋಗು."

ನನಗೆ ಅದು ಎರಡನೇ ದಿನ. ನಾನು ಅಮ್ಮನ ಕಡೆ ನೋಡಿದೆ. ಅವಳು ದಿವಾನದಿಂದೆದ್ದು, ಕಂಪ್ಯೂಟರಿನ ಕುರ್ಚಿಯನ್ನು ನನಗಾಗಿ ಹಿಂದಕ್ಕೆ ಎಳೆದಿಟ್ಟು, ಅಡುಗೆಮನೆಗೆ ಹೋದಳು.